ತೆರೆಯ ಮೇಲಣ ಸಂಧಿಕಾರ್ಯ

ರೇಡಿಯೋ ನಾಟಕವನ್ನು ತಪ್ಪದೆ ಕೇಳುವ ಮನೆಯವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಅಡುಗೆಯ ಮನೆಯಲ್ಲಿ ಅತ್ತೆ ಸೊಸೆಯರ ಮಾತು ಮುಗಿಯುತ್ತದೆ. ಧ್ವನಿ ಮೆಲ್ಲಗೆ ಇಳಿಯುತ್ತದೆ. ಕೊಳಲಿನದೋ ವೀಣೆಯದೋ ಒಂದು ಸಣ್ಣ ಎಳೆ ಕೇಳಿಸಿ ಮರೆಯಾಗುತ್ತದೆ. ಮರುಕ್ಷಣ ನಾವು ರೈಲು ನಿಲ್ದಾಣದಲ್ಲಿರುತ್ತೇವೆ. "ಈಗ ಸ್ಥಳ ಬದಲಾಯಿತು" ಎಂದು ನಮಗೆ ಯಾರೂ ಹೇಳಿರುವುದಿಲ್ಲ. ಆದರೂ ಮನಸ್ಸು ಎಡವುವುದಿಲ್ಲ. ಆ ಎರಡು ಮೂರು ಕ್ಷಣಗಳ ನಾದವು ಕಥೆಯೊಳಗಿನದಲ್ಲ. ಆದರೆ ಅದಿಲ್ಲದೆ ಕಥೆ ಮುಂದಕ್ಕೆ ಸಾಗದು.

ಇದೇ ಕೆಲಸ ಇಂದು ಕಂಪ್ಯೂಟರಿನ ತೆರೆಯ ಮೇಲೂ ನಮ್ಮ ಅಂಗೈಯ ಮೊಬೈಲಿನ ಗಾಜಿನ ಮೇಲೂ ದಿನಕ್ಕೆ ನೂರಾರು ಸಲ ನಡೆಯುತ್ತಿದೆ. ಒಂದು ಪುಟ ಪಕ್ಕಕ್ಕೆ ಸರಿದು ಇನ್ನೊಂದು ಒಳಬರುತ್ತದೆ. ಒಂದು ಚಿತ್ರ ಕರಗಿ ಇನ್ನೊಂದು ಮೂಡುತ್ತದೆ. ಬೆರಳು ತಾಗಿದ ಪುಟ್ಟ ಗುರುತು ಹಿಗ್ಗಿ ತೆರೆಯನ್ನೆಲ್ಲ ತುಂಬುತ್ತದೆ. ಇದನ್ನು ತಿಳಿದವರು ಟ್ರಾನ್ಸಿಷನ್ ಎನ್ನುತ್ತಾರೆ. ನಾನು ಕನ್ನಡ ಪಂಡಿತ. ಇದನ್ನು ಸಂಧಿ ಎಂದೇ ಕರೆಯುತ್ತೇನೆ. ಹಾಗೆ ಕರೆಯಲು ಕಾರಣವೂ ಉಂಟು.

ಮೊದಲು ನನ್ನದೇ ಒಂದು ಸೋಲನ್ನು ಹೇಳಿಬಿಡುತ್ತೇನೆ. ನಾನು ಪಾಠ ಹೇಳುವುದು ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆಯಷ್ಟೆ. ಅಲ್ಲಿ ವಿಜ್ಞಾನ ಮತ್ತು ಗಣಿತದ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಾರೆ. ಅಲ್ಲಿಗೆ ಹೋಗಿಬಂದ ಗಣಿತದ ಮೇಷ್ಟರೊಬ್ಬರು ಕಂಪ್ಯೂಟರಿನಲ್ಲಿ ಪಾಠದ ಪುಟಗಳನ್ನು ಸಿದ್ಧಪಡಿಸುವ ಕ್ರಮವನ್ನು ನನಗೆ ಕಲಿಸಿಕೊಟ್ಟರು. ಐವತ್ತು ದಾಟಿದವನ ಕೈಗೆ ಹೊಸ ಆಟಿಕೆ ಸಿಕ್ಕಂತಾಯಿತು. ಕನ್ನಡ ಸಂಧಿಗಳ ಮೇಲೆ ೨೨ ಪುಟಗಳ ಪಾಠವೊಂದನ್ನು ರಾತ್ರಿ ಕುಳಿತು ಮಾಡಿದೆ. ಪುಟದಿಂದ ಪುಟಕ್ಕೆ ಹೋಗುವಾಗ ಒಂದೊಂದು ಬಗೆಯ ಬೆಡಗು: ಒಂದು ಘನದಂತೆ ಉರುಳಿತು, ಒಂದು ಹಾಳೆಯಂತೆ ಮಗುಚಿತು, ಒಂದು ಚದುರಂಗದ ಮನೆಗಳಾಗಿ ಒಡೆಯಿತು, ಮತ್ತೊಂದು ಗಾಜಿನಂತೆ ಪುಡಿಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಬೀಗಿದೆ.

ಮರುದಿನ ಪ್ರಶ್ನೆ ಕೇಳಿದಾಗ ಬೀಗು ಇಳಿಯಿತು. ಘನ ಉರುಳಿದುದು ಎಲ್ಲರಿಗೂ ನೆನಪಿತ್ತು. ಲೋಪಸಂಧಿ ಯಾವುದು ಎಂಬುದು ಮೂರು ಜನಕ್ಕೂ ನೆನಪಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ ಸಂಗತಿ ಬೇರೊಂದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪಾಠದ ಅರ್ಧಭಾಗ ಕಣ್ಣು ಮುಚ್ಚಿ ಕುಳಿತಿದ್ದಳಂತೆ. "ತಲೆ ತಿರುಗಿತು ಸಾರ್, ಬಸ್ಸಿನಲ್ಲಿ ಆಗೋ ಹಾಗೆ" ಎಂದಳು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನನ್ನ ಕಣ್ಣು ತೆರೆಯ ಮೇಲಿತ್ತು.

ಅಂದಿನಿಂದ ಈ ವಿಷಯವನ್ನು ಕಲಿಯತೊಡಗಿದೆ. ಕಲಿತುದರ ಸಾರವನ್ನು ಓದುಗರ ಮುಂದಿಡುತ್ತೇನೆ.

ಮೊದಲು ಇದರ ಬಗೆಗಳು. ನೋಡುವುದಕ್ಕೆ ನೂರು ತೆರನಾದರೂ ಒಳಹೊಕ್ಕು ನೋಡಿದರೆ ಇವು ನಾಲ್ಕೇ ಜಾತಿ. ಆ ನಾಲ್ಕನ್ನೂ ನಮ್ಮ ವ್ಯಾಕರಣ ಬಲ್ಲುದು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ವನ್ನು ಆರಂಭಿಸುವುದೇ ಸಂಧಿಪ್ರಕರಣದಿಂದ. ಎರಡು ಸೇರುವ ಎಡೆಯಲ್ಲಿ ಏನಾಗುತ್ತದೆ ಎಂಬುದು ಭಾಷೆಗೆ ಅಷ್ಟು ಮುಖ್ಯ.

ಎರಡು ಪದಗಳು ಅಕ್ಕಪಕ್ಕದಲ್ಲಿದ್ದೂ ಯಾವ ವಿಕಾರವನ್ನೂ ಹೊಂದದೆ ಇದ್ದಂತೆಯೇ ಇರುವುದು ಪ್ರಕೃತಿಭಾವ. "ಅಯ್ಯೋ! ಇದೇನು!" ಎಂಬಲ್ಲಿ ಸಂಧಿಯಿಲ್ಲ. ತೆರೆಯ ಮೇಲೆ ಒಂದು ಚಿತ್ರ ಹೋಗಿ ಇನ್ನೊಂದು ತಟ್ಟನೆ ಬಂದು ನಿಂತರೆ ಅದು ಪ್ರಕೃತಿಭಾವ. ಸಿನಿಮಾದವರು ಇದನ್ನು ಕಟ್ ಎನ್ನುತ್ತಾರೆ.

ಊರು, ಅಲ್ಲಿ ಎಂಬಿವು ಸೇರಿ ಊರಲ್ಲಿ ಎಂದಾಗುವಾಗ ಮೊದಲ ಪದದ ಕೊನೆಯ ಸ್ವರ ಕಳೆದುಹೋಗುತ್ತದೆ. ಇದು ಲೋಪ. ಹೊಸ ಚಿತ್ರದ ಅಂಚು ಹಳೆಯದನ್ನು ಒಂದು ಕಡೆಯಿಂದ ಒರಸುತ್ತ ಬಂದಾಗ ಆಗುವುದು ಇದೇ. ಅದಕ್ಕೆ ವೈಪ್ ಎಂಬ ಹೆಸರೂ ಒರಸುವುದು ಎಂಬ ಅರ್ಥದಿಂದಲೇ ಬಂದಿದೆ. ಜಪಾನಿನ ಅಕಿರ ಕುರೋಸಾವ ತನ್ನ ೧೯೫೪ರ 'ಸೆವೆನ್ ಸಮುರಾಯ್' ಚಿತ್ರದಲ್ಲಿ ಇದನ್ನು ಬಳಸಿದ. ೧೯೭೭ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಅದು ಲೋಕಪ್ರಸಿದ್ಧವಾಯಿತು.

ಮನೆ, ಅನ್ನು ಸೇರಿ ಮನೆಯನ್ನು ಎಂದಾಗುವಾಗ ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಬಂದು ನಿಲ್ಲುತ್ತದೆ. ಇದು ಆಗಮ. ಬಯಲಾಟದಲ್ಲಿ ವೇಷ ರಂಗಕ್ಕೆ ಬರುವ ಮುನ್ನ ಇಬ್ಬರು ಹಿಡಿದ ತೆರೆ ನಮ್ಮ ಕಣ್ಣ ಮುಂದೆ ಬರುವುದಿಲ್ಲವೆ? ಅದು ಹಿಂದಿನ ದೃಶ್ಯದ್ದೂ ಅಲ್ಲ, ಮುಂದಿನದ್ದೂ ಅಲ್ಲ. ಚಿತ್ರ ಕತ್ತಲೆಗೆ ಇಳಿದು ಮತ್ತೆ ಬೆಳಕಿಗೆ ಏರುವುದು, ಘನ ಉರುಳುವುದು, ಹಾಳೆ ಮಗುಚುವುದು ಎಲ್ಲವೂ ಆಗಮ ಜಾತಿಯವು.

ಮಳೆ, ಕಾಲ ಸೇರಿ ಮಳೆಗಾಲವಾಗುವಾಗ ಕಕಾರವೇ ಗಕಾರವಾಗಿ ಮಾರ್ಪಡುತ್ತದೆ. ಇದು ಆದೇಶ. ಒಂದು ಚಿತ್ರ ಕರಗಿ ಇನ್ನೊಂದಾಗುವುದೂ, ಒಂದು ಆಕಾರ ನೋಡುನೋಡುತ್ತಿದ್ದಂತೆ ಮತ್ತೊಂದು ಆಕಾರವನ್ನು ತಾಳುವುದೂ ಆದೇಶವೇ. ಪವರ್‌ಪಾಯಿಂಟ್ ಎಂಬ ಪುಟರಚನೆಯ ಸಾಧನಕ್ಕೆ ೨೦೧೫ರಲ್ಲಿ ಸೇರಿದ ಮಾರ್ಫ್ ಎಂಬ ಕ್ರಮ ಈ ಜಾತಿಯದು.

ಇನ್ನು ಇದು ನಡೆಯುವ ಬಗೆ. ಕಂಪ್ಯೂಟರಿನ ತೆರೆ ಎಂದರೆ ಚುಕ್ಕಿಗಳ ಬಯಲು. ಇಂದು ಸಾಮಾನ್ಯವಾದ ಒಂದು ಅಳತೆಯ ತೆರೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕಿಗಳು. ಒಟ್ಟು ೨೦ ಲಕ್ಷ ೭೩ ಸಾವಿರದ ೬೦೦. ಈ ಬಯಲು ಸೆಕೆಂಡಿಗೆ ೬೦ ಸಲ ಹೊಸದಾಗಿ ಬರೆಯಲ್ಪಡುತ್ತದೆ. ಒಂದು ಸಂಧಿ ಸೆಕೆಂಡಿನ ಮೂರನೆಯ ಒಂದು ಪಾಲು ನಡೆಯಿತೆನ್ನಿ. ಅಷ್ಟರಲ್ಲಿ ೨೦ ಚಿತ್ರಗಳು ಬಂದುಹೋದವು, ನಾಲ್ಕು ಕೋಟಿಗೂ ಮೀರಿದ ಚುಕ್ಕಿಗಳ ಬಣ್ಣ ನಿರ್ಧಾರವಾಯಿತು. ಕರಗುವ ಸಂಧಿಯಲ್ಲಿ ಆ ನಿರ್ಧಾರ ಸುಲಭ. ಐದನೆಯ ಚಿತ್ರದಲ್ಲಿ ಪ್ರತಿಯೊಂದು ಚುಕ್ಕಿಯೂ ಹಳೆಯ ಬಣ್ಣದ ಮುಕ್ಕಾಲು ಪಾಲು, ಹೊಸತರ ಕಾಲು ಪಾಲು, ಹತ್ತನೆಯದರಲ್ಲಿ ಸಮಪಾಲು, ಇಪ್ಪತ್ತನೆಯದರಲ್ಲಿ ಪೂರ್ತಿ ಹೊಸತು. ಹಾಲಿಗೆ ಡಿಕಾಕ್ಷನ್ ಬೆರಸಿದಂತೆ.

ಆದರೆ ವಸ್ತುವೊಂದು ಚಲಿಸುವ ಸಂಧಿಯಲ್ಲಿ ಹೀಗೆ ಸಮಪಾಲು ಹಂಚಿದರೆ ಕಣ್ಣಿಗೆ ಒಗ್ಗುವುದಿಲ್ಲ. ಚಳ್ಳಕೆರೆಯ ನಿಲ್ದಾಣದಲ್ಲಿ ನಿಂತು ರೈಲನ್ನು ನೋಡಿರಿ. ಬರುವಾಗ ವೇಗ ತಗ್ಗುತ್ತ ತಗ್ಗುತ್ತ ನಿಲ್ಲುತ್ತದೆ. ಹೊರಡುವಾಗ ಮೆಲ್ಲಗೆ ಕದಲಿ ಆಮೇಲೆ ವೇಗವನ್ನು ಪಡೆಯುತ್ತದೆ. ತೂಕವುಳ್ಳ ಯಾವ ವಸ್ತುವಿನ ಸ್ವಭಾವವೂ ಇದೇ. ತೆರೆಯ ಮೇಲಣ ಪುಟಕ್ಕೆ ತೂಕವಿಲ್ಲ. ಆದರೂ ಅದು ತೂಕವುಳ್ಳದ್ದರಂತೆ ನಡೆದರೆ ಮಾತ್ರ ಕಣ್ಣು ಅದನ್ನು ನಂಬುತ್ತದೆ. ಡಿಸ್ನಿಯ ಚಿತ್ರಗಾರರಾಗಿದ್ದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಲಿಸುವ ಚಿತ್ರಗಳಿಗೆ ೧೨ ಸೂತ್ರಗಳನ್ನು ಹೇಳಿದ್ದಾರೆ. ಅವುಗಳಲ್ಲೊಂದು ಇದೇ: ಮೊದಲೂ ನಿಧಾನ, ಕೊನೆಯೂ ನಿಧಾನ. ಈ ಏರಿಳಿತವನ್ನು ಕಂಪ್ಯೂಟರಿಗೆ ತಿಳಿಸುವುದು ಒಂದು ಬಾಗುಗೆರೆಯಿಂದ. ಆ ಗೆರೆಗೆ ಬೆಜಿಯೆ ಎಂಬವನ ಹೆಸರಿದೆ. ಆತ ಫ್ರಾನ್ಸಿನ ರೆನೊ ಕಾರಖಾನೆಯ ಇಂಜಿನಿಯರ್. ೧೯೬೦ರ ದಶಕದಲ್ಲಿ ಮೋಟಾರು ಕಾರಿನ ಮೈಯ ಬಾಗನ್ನು ಬರೆಯಲು ಅಂಥ ಗೆರೆಗಳನ್ನು ಬಳಸಿದ. ಕಾರಿನ ಬಾಗು ಇಂದು ಕಾಲದ ಬಾಗಾಗಿ ನಮ್ಮ ಮೊಬೈಲಿನಲ್ಲಿ ಕೆಲಸ ಮಾಡುತ್ತಿದೆ.

ಈ ಬೆಡಗುಗಳು ಕಂಪ್ಯೂಟರಿನೊಡನೆ ಹುಟ್ಟಿದುವಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಇಂಗ್ಲೆಂಡಿನ ಹೆನ್ರಿ ಲ್ಯಾಂಗ್ಡನ್ ಚೈಲ್ಡ್ ಮಾಯಾದೀಪದ ಪ್ರದರ್ಶನಗಳಲ್ಲಿ ಎರಡು ದೀಪಗಳನ್ನು ಒಂದೇ ತೆರೆಯ ಮೇಲೆ ತಿರುಗಿಸಿ, ಒಂದರ ಬೆಳಕನ್ನು ತಗ್ಗಿಸುತ್ತ ಇನ್ನೊಂದರ ಬೆಳಕನ್ನು ಏರಿಸಿ, ಬೇಸಗೆಯ ನೋಟವನ್ನು ಚಳಿಗಾಲದ ನೋಟವಾಗಿ ಕರಗಿಸುತ್ತಿದ್ದ. ಅಲ್ಲಿಂದ ಅದು ಸಿನಿಮಾಕ್ಕೆ ಬಂದಿತು. ೧೯೮೭ರ ಹೊತ್ತಿಗೆ ಮನೆಯ ಕಂಪ್ಯೂಟರಿಗೂ ಬಂದಿತ್ತು. ಆಪಲ್ ಸಂಸ್ಥೆಯ ಬಿಲ್ ಅಟ್ಕಿನ್‌ಸನ್ ರಚಿಸಿದ ಹೈಪರ್‌ಕಾರ್ಡ್ ಎಂಬ ಸಾಧನದಲ್ಲಿ ಒರಸುವುದು, ಕರಗುವುದು, ಕಣ್ಣಿನ ಪಾಪೆಯಂತೆ ತೆರೆದುಕೊಳ್ಳುವುದು, ಕಣಜದ ಬಾಗಿಲಿನಂತೆ ಎರಡು ಕಡೆಗೆ ಸರಿಯುವುದು ಮೊದಲಾದ ಬಗೆಗಳಿದ್ದುವು. ಅಂದಿನ ಆ ಪುಟ್ಟ ತೆರೆಯಲ್ಲಿ ಇದ್ದುದು ೫೧೨ಕ್ಕೆ ೩೪೨ ಚುಕ್ಕಿಗಳು. ಬಣ್ಣ ಕಪ್ಪು ಬಿಳುಪು ಎರಡೇ. ಬೂದುಬಣ್ಣವಿಲ್ಲದಲ್ಲಿ ಬೆರಸುವುದು ಹೇಗೆ? ಚುಕ್ಕಿಗಳನ್ನು ಅಲ್ಲೊಂದು ಇಲ್ಲೊಂದು ಚೆದುರಿಸಿ ಬದಲಿಸಿದರು; ಕಣ್ಣು ಅದನ್ನೇ ಕರಗುವುದೆಂದು ತಿಳಿಯಿತು. ೨೦೦೩ರಲ್ಲಿ ಅದೇ ಸಂಸ್ಥೆಯ ಕೀನೋಟ್ ಎಂಬ ಸಾಧನದೊಂದಿಗೆ ಉರುಳುವ ಘನ ಬಂದಿತು. ನನ್ನನ್ನು ಮರುಳುಮಾಡಿದುದು ಅದರ ಸಂತತಿಯೇ.

ಇಷ್ಟು ತಿಳಿದ ಮೇಲೂ ನನ್ನ ಪ್ರಶ್ನೆ ಉಳಿದೇ ಇತ್ತು. ಬೆಡಗು ಎಲ್ಲಿ ಬೇಕು, ಎಲ್ಲಿ ಬೇಡ? ಇದಕ್ಕೆ ಉತ್ತರ ದೊರೆತುದು ಮೊಳಕಾಲ್ಮೂರಿನ ಮಗ್ಗದ ಕುಣಿಯ ಪಕ್ಕದಲ್ಲಿ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಅರಿಯದವರು ಕಡಮೆ. ಅದಕ್ಕೆ ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಇಲ್ಲಿನ ಮಗ್ಗಕ್ಕೂ ಕಂಪ್ಯೂಟರಿಗೂ ದೂರದ ನೆಂಟಸ್ತನವುಂಟು. ಹೂವಿನ ಕೆಲಸಕ್ಕಾಗಿ ಮಗ್ಗದ ಮೇಲೆ ಕೂರಿಸುವ ಜಕಾರ್ಡಿನ ತೂತುರಟ್ಟುಗಳನ್ನು ಫ್ರಾನ್ಸಿನ ಲಿಯೋನಿನಲ್ಲಿ ಜಕಾರ್ಡ್ ಎಂಬವನು ೧೮೦೪ರ ಹೊತ್ತಿಗೆ ರೂಢಿಗೆ ತಂದ. ಅದನ್ನು ಕಂಡೇ ಚಾರ್ಲ್ಸ್ ಬ್ಯಾಬೇಜ್ ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೆ ತೂತುರಟ್ಟುಗಳನ್ನು ಗೊತ್ತುಮಾಡಿದ. ಆದರೆ ನನಗೆ ಪಾಠ ಹೇಳಿದುದು ಆ ರಟ್ಟುಗಳಲ್ಲ, ಸೀರೆಯ ಅಂಚು.

ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಆಗಬೇಕಾದರೆ ಒಂದೇ ಲಾಳಿಯಿಂದ ಆಗದು. ಒಡಲಿಗೆ ಒಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿಗಳನ್ನು ಆಡಿಸಬೇಕು. ಒಡಲಿನ ಹೊಕ್ಕಿನ ಎಳೆಯೂ ಅಂಚಿನ ಹೊಕ್ಕಿನ ಎಳೆಯೂ ಸಂಧಿಸುವಲ್ಲಿ ಒಂದನ್ನೊಂದು ಕೊಂಡಿಹಾಕಿಕೊಂಡು ಹಿಂತಿರುಗಬೇಕು. ಸೆರಗಿಗೂ ಹೀಗೆಯೇ ಸಂಧಿಯುಂಟು: ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಎರಡು ಬಣ್ಣಗಳು ಸೇರುವ ಆ ಗೆರೆಯೇ ಬಟ್ಟೆಯ ಜೀವಸ್ಥಾನ. ಅಲ್ಲಿ ಬೆಸುಗೆ ಸಡಿಲವಾದರೆ ಸೀಳುತ್ತದೆ.

ನಮ್ಮ ಶಾಲೆಯ ಮಗುವೊಂದರ ಅಜ್ಜ ನೇಯುತ್ತಿದ್ದ ಸೀರೆಯಲ್ಲಿ ಒಡಲಿನ ಬಣ್ಣ ಅಂಚಿನೊಳಕ್ಕೆ ಸಾಲು ಗೋಪುರಗಳಾಗಿ ಚಾಚಿತ್ತು. "ಚಂದಕ್ಕೆ ಇಟ್ಟಿರಾ?" ಎಂದೆ. ಅವರು ಲಾಳಿಯನ್ನು ನಿಲ್ಲಿಸಲಿಲ್ಲ. "ಚಂದವೂ ಹೌದು ಸ್ವಾಮಿ. ಆದರೆ ಸೇರುವ ಜಾಗ ಒಂದೇ ಗೆರೆಯಲ್ಲಿ ಬಿದ್ದರೆ ಭಾರವೆಲ್ಲ ಅಲ್ಲೇ. ಹಲ್ಲುಹಲ್ಲಾಗಿ ಹೋದರೆ ಹಂಚಿಕೊಳ್ಳುತ್ತದೆ. ನಡುವೆ ಒಡಲಲ್ಲಿ ಗೋಪುರ ಇಟ್ಟರೆ ಅದು ಯಾತಕ್ಕೆ?" ಎಂದರು.

ನನಗೆ ಅಷ್ಟು ಸಾಕಾಯಿತು. ಸಂಧಿಯ ಮೇಲಣ ಅಲಂಕಾರ ಸಂಧಿಯ ಕೆಲಸವನ್ನೇ ಮಾಡುತ್ತಿರಬೇಕು. ನಮ್ಮ ಅಲಂಕಾರಶಾಸ್ತ್ರದವರು ಔಚಿತ್ಯವೆಂದು ಕರೆದುದೂ ಇದನ್ನೇ. ಮೊಬೈಲಿನಲ್ಲಿ ಗುರುತು ಹಿಗ್ಗಿ ಪುಟವಾದರೆ, "ಈ ಪುಟ ಇಲ್ಲಿಂದ ಬಂತು, ಮುಚ್ಚಿದರೆ ಇಲ್ಲಿಗೇ ಹೋಗುತ್ತದೆ" ಎಂಬ ಅರ್ಥ ಅದರಲ್ಲಿದೆ. ಅದು ಗೋಪುರದಂಚು. ಲೋಪಸಂಧಿಯ ಪುಟ ಗಾಜಿನಂತೆ ಪುಡಿಯಾದರೆ ಅದರಲ್ಲಿ ಯಾವ ಅರ್ಥವೂ ಇಲ್ಲ. ಸಂಧಿಪಾಠದಲ್ಲಿ ನಾವೇ ಮಕ್ಕಳಿಗೆ ಹೇಳುವುದಿಲ್ಲವೆ, ಅರ್ಥ ಕೆಡುವುದಿದ್ದರೆ ಲೋಪ ಮಾಡಬಾರದೆಂದು? ನಾನು ಆ ನಿಯಮವನ್ನು ಕಲಿಸುತ್ತಲೇ ಅದನ್ನು ಮುರಿದಿದ್ದೆ.

ಬೆಡಗು ಬರುವ ದಿಕ್ಕಿಗೂ ಅರ್ಥವುಂಟು. ಇದಕ್ಕೆ ಸಾಕ್ಷಿ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಿವೆ. ಅವು ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯವು. ಆದರೆ ಬರೆದ ಚಪಡನೆಂಬವನು ಕೊನೆಯಲ್ಲಿ ತನ್ನ ಹೆಸರಿನ ಮುಂದೆ ಲಿಪಿಕಾರನೆಂಬರ್ಥದ ಪದವನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಎಡದಿಂದ ಬಂದ ಕಣ್ಣು ಆ ಪದದ ಬಳಿ ನಿಂತು ತಿರುಗಬೇಕು. ಕನ್ನಡವನ್ನು ಓದುವವನಿಗೆ ಮುಂದಿನ ಪುಟ ಬಲಗಡೆಯಿಂದ ಬರುವುದು ಸಹಜ. ಉರ್ದು ಓದುವವನಿಗೆ ಎಡಗಡೆಯಿಂದ. ಹಿಂದಿನ ಪುಟಕ್ಕೆ ಮರಳುವಾಗ ದಿಕ್ಕೂ ಮರಳಬೇಕು. ನನ್ನ ೨೨ ಪುಟಗಳು ಎಂಟು ದಿಕ್ಕಿನಿಂದಲೂ ಬಂದಿದ್ದುವು.

ಇನ್ನು ಆ ಹುಡುಗಿಯ ತಲೆತಿರುಗು. ಇದು ಮಕ್ಕಳ ನೆಪವಲ್ಲ. ದೇಹ ಕದಲಿತೋ ಇಲ್ಲವೋ ಎಂಬುದನ್ನು ಕಣ್ಣೂ ಹೇಳುತ್ತದೆ, ಒಳಕಿವಿಯೂ ಹೇಳುತ್ತದೆ. ತೆರೆಯ ತುಂಬ ಚಿತ್ರ ಉರುಳಿದಾಗ ಕಣ್ಣು "ಕದಲಿದೆ" ಎನ್ನುತ್ತದೆ. ಕಿವಿ "ಕುಳಿತಿದ್ದೇನೆ" ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದ ಕೆಲವರಿಗೆ ವಾಕರಿಕೆ, ತಲೆನೋವು ಬರುತ್ತವೆ. ೨೦೧೩ರಲ್ಲಿ ಐಫೋನಿನ ಏಳನೆಯ ವ್ಯವಸ್ಥೆ ಹಿಗ್ಗುವ ಕುಗ್ಗುವ ಬೆಡಗುಗಳೊಡನೆ ಬಂದಾಗ ಅನೇಕರು ಹೀಗೆ ನೊಂದುಕೊಂಡರು. ಕೆಲವೇ ವಾರಗಳಲ್ಲಿ, ಬೇಡವೆನ್ನುವವರಿಗೆ ಹಿಗ್ಗುವ ಬದಲು ಮೆಲ್ಲನೆ ಕರಗುವ ಏರ್ಪಾಡು ಬಂದಿತು. ಮಿನುಗುವ ಬೆಳಕು ಇದಕ್ಕಿಂತ ಅಪಾಯಕರ. ೧೯೯೭ರ ಡಿಸೆಂಬರ್ ೧೬ರಂದು ಜಪಾನಿನ ದೂರದರ್ಶನದಲ್ಲಿ ಪೋಕೆಮಾನ್ ಎಂಬ ಮಕ್ಕಳ ಚಿತ್ರಕಥೆಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕುಗಳು ವೇಗವಾಗಿ ಮಿನುಗಿದಾಗ ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು, ಬಹುಮಂದಿ ಮಕ್ಕಳು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿನುಗಬಾರದೆಂದು ಅಂತರಜಾಲದ ಪುಟಗಳಿಗೆ ೨೦೦೮ರ ಅಂತರರಾಷ್ಟ್ರೀಯ ಸೂತ್ರಗಳು ಹೇಳುತ್ತವೆ. ಅನಗತ್ಯವಾದ ಚಲನೆಯನ್ನು ನಿಲ್ಲಿಸುವ ಅವಕಾಶ ಬಳಸುವವರಿಗೆ ಇರಬೇಕೆಂದು ೨೦೧೮ರ ಸೂತ್ರಗಳು ಸೇರಿಸಿದುವು.

ಮನೆಯಲ್ಲಿ ಹಿರಿಯರಿಗಾಗಲಿ ಮಕ್ಕಳಿಗಾಗಲಿ ಮೊಬೈಲ್ ನೋಡಿದರೆ ತಲೆ ತಿರುಗುವುದಾದರೆ ಓದುಗರು ಇದನ್ನು ಮಾಡಿ ನೋಡಬಹುದು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗವಿದೆ. ಐಫೋನಿನಲ್ಲಿ ಅಲ್ಲಿ ಮೋಷನ್ ಎಂಬುದರೊಳಗೆ ರೆಡ್ಯೂಸ್ ಮೋಷನ್ ಎಂದಿರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ರಿಮೂವ್ ಆನಿಮೇಷನ್ಸ್ ಎಂದಿರುತ್ತದೆ. ಅದನ್ನು ಒತ್ತಿದರೆ ಬೆಡಗುಗಳು ಅಡಗಿ ಪುಟಗಳು ಶಾಂತವಾಗಿ ಬದಲಾಗುತ್ತವೆ. ಖರ್ಚಿಲ್ಲ, ಬೇಕೆಂದಾಗ ಹಿಂದಿನಂತೆ ಮಾಡಿಕೊಳ್ಳಬಹುದು. ಇಷ್ಟರಿಂದ ತಿರುಗು ನಿಲ್ಲದಿದ್ದರೆ ವೈದ್ಯರನ್ನು ಕಾಣುವುದು ಲೇಸು.

ನನ್ನ ಪಾಠವನ್ನು ಮತ್ತೆ ಬರೆದೆ. ೨೨ ಪುಟಗಳು ೯ ಆದುವು. ಎಂಟು ಕಡೆ ಪ್ರಕೃತಿಭಾವ: ಒಂದು ಪುಟ ಹೋಯಿತು, ಒಂದು ಬಂದಿತು. ಆದೇಶಸಂಧಿಯ ಪುಟದಲ್ಲಿ ಮಾತ್ರ, ಮಳೆ ಕಾಲ ಎಂಬಿವು ಹತ್ತಿರ ಬಂದಂತೆ ಕಕಾರ ಮೆಲ್ಲಗೆ ಗಕಾರವಾಗುವಂತೆ ಮಾಡಿದೆ. ಅದು ಸೆಕೆಂಡೂ ಇಲ್ಲದ ಚಲನೆ. ತರಗತಿಯಲ್ಲಿ ಆಗ ಸದ್ದಿರಲಿಲ್ಲ. ಮುಂದಿನ ಸಾಲಿನ ಹುಡುಗಿ ಕಣ್ಣು ಬಿಟ್ಟು ನೋಡುತ್ತಿದ್ದಳು. ಬೆಟ್ಟ, ತಾವರೆ ಎಂಬಿವು ಸೇರಿದರೆ ಏನಾಗುವುದೆಂದು ಕೇಳಿದಾಗ "ಬೆಟ್ಟದಾವರೆ, ತಕಾರ ದಕಾರವಾಯಿತು" ಎಂದವಳೂ ಅವಳೇ.

ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ "ಸಾರ್, ಇವತ್ತು ಆ ಡಬ್ಬ ಉರುಳಲೇ ಇಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡ. ಅವನ ಆಸೆಯೂ ತಪ್ಪಲ್ಲ. ಪಾಠವೆಲ್ಲ ಮುಗಿದ ಮೇಲೆ ಆ ಹುಡುಗಿಗೆ ಕಿಟಕಿಯ ಕಡೆ ನೋಡಲು ಹೇಳಿ, ಒಂದೇ ಒಂದು ಸಲ ಉರುಳಿಸಿದೆ.